ನಲವತ್ತು ಗಂಟೆಗೊಂದು ಬೀಗದ ಕೈ

ಆಟದ ರೈಲು ಎಂದರೆ ಜಾತ್ರೆಯಲ್ಲಿ ಕೊಂಡು ಮನೆಗೆ ಬರುವಷ್ಟರಲ್ಲಿ ಚಕ್ರ ಕಳಚಿಕೊಳ್ಳುವ ಸಾಮಾನು ಎಂಬುದು ನಮ್ಮ ಕಡೆಯ ತಿಳಿವಳಿಕೆ. ಮಕ್ಕಳು ನಾಲ್ಕು ದಿನ ಆಡುತ್ತವೆ, ಐದನೆಯ ದಿನ ಅದು ಅಟ್ಟ ಸೇರುತ್ತದೆ. ಆದರೆ ಇಂಗ್ಲೆಂಡು, ಜರ್ಮನಿ, ಅಮೆರಿಕಗಳ ಎಷ್ಟೋ ಊರುಗಳಲ್ಲಿ ತಲೆ ನರೆತ ದೊಡ್ಡವರು ಸಂಘ ಕಟ್ಟಿಕೊಂಡು ಈ ಆಟವನ್ನು ಜೀವಮಾನವಿಡೀ ಆಡುತ್ತಾರೆ. ವಾರಕ್ಕೊಂದು ಸಂಜೆ ಸೇರುತ್ತಾರೆ. ಕೋಣೆಯ ತುಂಬ ಮರದ ಹಲಗೆ ಹಾಸಿ, ಅದರ ಮೇಲೆ ಹಳಿ ಕೂರಿಸಿ, ಪ್ಲಾಸ್ಟರಿನಿಂದ ಗುಡ್ಡ ಮಾಡಿ, ಗುಡ್ಡ ಕೊರೆದು ಸುರಂಗ ಮಾಡಿ, ಹತ್ತಿರದಲ್ಲೊಂದು ಸ್ಟೇಷನ್ನು, ಸ್ಟೇಷನ್ನಿನ ಬೆಂಚಿನ ಮೇಲೆ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಮನುಷ್ಯನನ್ನೂ ಕೂರಿಸುತ್ತಾರೆ. ರೈಲುಗಳಿಗೆ ವೇಳಾಪಟ್ಟಿ ಇರುತ್ತದೆ. ಗೂಡ್ಸು ಗಾಡಿ ತಡವಾದರೆ ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ. ವರ್ಷಕ್ಕೆ ಒಂದೆರಡು ಸಲ ಬಾಗಿಲು ತೆರೆದು, ಇಂಥ ದಿನ ನಮ್ಮ ಪ್ರದರ್ಶನವಿದೆ ಬನ್ನಿ ಎಂದು ಊರಿಗೆಲ್ಲ ಹೇಳಿ, ಕಟ್ಟಿದ್ದನ್ನು ತೋರಿಸುತ್ತಾರೆ.

ಓದಿದಾಗ ನನಗೆ ನಗು ಬಂತು, ನಕ್ಕ ಮೇಲೆ ನೆನಪೂ ಬಂತು. ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮಾಡುವುದು ಇದನ್ನೇ ಅಲ್ಲವೆ? ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ನೆಲದ ಮೇಲೊಂದು ಊರು. ಹದಿನೈದು ದಿನ ಮೊದಲೇ ರಾಗಿ ಚೆಲ್ಲಿ ಮೊಳೆಸಿದ ಹಸಿರು ಗದ್ದೆ, ಹಳೆಯ ಕನ್ನಡಿಯ ಕೆರೆ, ಮರಳಿನ ರಸ್ತೆ, ಪೋಲಿಸಿನವನು, ಸೆಟ್ಟರ ಅಂಗಡಿ, ಸುತ್ತಲೂ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು. ಸಂಜೆಯಾದರೆ ಬೀದಿಯ ಮಕ್ಕಳು 'ಗೊಂಬೆ ಕೂರ್ಸಿದೀರಾ?' ಎಂದು ಕೇಳಿಕೊಂಡು ಬರುತ್ತಿದ್ದವು. ಅದೇ ನಮ್ಮ ಪ್ರದರ್ಶನ. ಟಿಕೆಟ್ಟಿಲ್ಲ, ಬದಲಿಗೆ ನಾವೇ ಬಂದವರ ಕೈಗೆ ಕೊಬ್ಬರಿ ಮಿಠಾಯಿಯೋ ಚಕ್ಕುಲಿಯೋ ಇಡಬೇಕು. ಅದನ್ನು ಕಟ್ಟುತ್ತಿದ್ದವರು ಮನೆಯ ಹೆಂಗಸರು. ಅಡಿಗೆ, ಮಡಿ, ಮಕ್ಕಳು ಎಲ್ಲ ಮುಗಿಸಿ ರಾತ್ರಿ ಕೂತು ಕಟ್ಟುತ್ತಿದ್ದರು. ವಿಜಯದಶಮಿ ಕಳೆದ ಮೇಲೆ ಹಳೆಯ ಸೀರೆಯ ಚೂರಿನಲ್ಲಿ ಒಂದೊಂದನ್ನೂ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅದಕ್ಕೆ ಯಾರೂ ಹವ್ಯಾಸವೆಂಬ ಹೆಸರಿಡಲಿಲ್ಲ, ಸಂಘವೆಂದೂ ಕರೆಯಲಿಲ್ಲ. ಹಬ್ಬ ಎಂದರು, ಅಷ್ಟೆ.

ರೈಲಿನವರಿಗಾದರೋ ಸಂಘವೂ ಇದೆ, ಚರಿತ್ರೆಯೂ ಇದೆ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಹಳಿಯ ಸಮೇತ ಆಟದ ರೈಲನ್ನು ಮಾರಾಟಕ್ಕಿಟ್ಟಿತು. ಹಳಿಗಳ ಅಗಲಕ್ಕೆ ಗೊತ್ತಾದ ಅಳತೆ ಇಟ್ಟಿದ್ದು ಅದರ ಜಾಣತನ. ಈ ವರ್ಷ ಎಂಜಿನ್ನು ಕೊಂಡರೆ ಬರುವ ವರ್ಷ ಅದೇ ಹಳಿಗೆ ಹೊಂದುವ ಡಬ್ಬಿ ಕೊಳ್ಳಬಹುದು, ನಾವು ಪಾತ್ರೆಯ ಸೆಟ್ಟು ಕೂಡಿಸಿದ ಹಾಗೆ. 1910ರಲ್ಲಿ ಲಂಡನ್ನಿನಲ್ಲಿ 'ಮಾಡೆಲ್ ರೈಲ್ವೆ ಕ್ಲಬ್' ಹುಟ್ಟಿತು. ಜಗತ್ತಿನಲ್ಲೇ ಹಳೆಯ ಸಂಘ ತಮ್ಮದೆಂದು ಅವರ ಹೆಮ್ಮೆ. ಅಮೆರಿಕದಲ್ಲಿ ಇಂಥ ಹವ್ಯಾಸಿಗಳ ರಾಷ್ಟ್ರೀಯ ಸಂಘ 1935ರಲ್ಲಿ ಮಿಲ್ವಾಕಿ ನಗರದಲ್ಲಿ ಸ್ಥಾಪನೆಯಾಯಿತು. ಹೆಚ್ಚಿನವರು ಹಿಡಿದ ಅಳತೆಗೆ 'ಎಚ್‌ಓ' ಎಂದು ಹೆಸರು, ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಐದೂವರೆ ಅಡಿಯ ಮನುಷ್ಯ ಆ ಲೋಕದಲ್ಲಿ ಎರಡು ಸೆಂಟಿಮೀಟರೂ ಇರುವುದಿಲ್ಲ. ನಾನು ಮನೆಯ ಅಳತೆಪಟ್ಟಿ ಹಿಡಿದು ಲೆಕ್ಕ ಮಾಡಿ ನೋಡಿದೆ. ನನ್ನ ಅಡಿಗೆಮನೆ ಒಂದು ಅಂಗೈಯಲ್ಲಿ ಕೂತಿತು.

ನನಗೆ ಈ ವಿಷಯದ ಗೀಳು ಹತ್ತಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಗಂಡನ ಕೆಲಸದ ನಿಮಿತ್ತ ಬಾಸ್ಟನ್ನಿಗೆ ಹೋದವಳು. ಅಲ್ಲಿಗೆ ಸಮೀಪದ ಎಂ.ಐ.ಟಿ. ಎಂಬ ದೊಡ್ಡ ತಂತ್ರಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಪುಟಾಣಿ ರೈಲಿನ ಕ್ಲಬ್ಬಿನ ಪ್ರದರ್ಶನ ನೋಡಿ ಬಂದು, 'ಮಿಸ್, ನೀವು ಪಾಠದಲ್ಲಿ ಹೇಳುತ್ತಿದ್ದ ಚರಿತ್ರೆಗಿಂತ ಇದು ಬೇರೆ ಥರದ ಚರಿತ್ರೆ' ಎಂದು ಉದ್ದದ ಪತ್ರ ಬರೆದಳು. ರಜೆಗೆ ಬಂದಾಗ ಸ್ಟೀವನ್ ಲೆವಿ ಎಂಬ ಪತ್ರಕರ್ತ 1984ರಲ್ಲಿ ಬರೆದ 'ಹ್ಯಾಕರ್ಸ್' ಎಂಬ ಪುಸ್ತಕವನ್ನೂ ತಂದುಕೊಟ್ಟಳು. ಹ್ಯಾಕರ್ ಎಂದರೆ ಬ್ಯಾಂಕಿನ ದುಡ್ಡು ಕದಿಯುವವನು ಎಂದು ಪತ್ರಿಕೆ ಓದಿ ತಿಳಿದಿದ್ದ ನನಗೆ, ಆ ಮಾತು ಚಲಾವಣೆಗೆ ಬಂದದ್ದು ಆಟದ ರೈಲಿನ ಕೋಣೆಯಿಂದ ಎಂದು ತಿಳಿದಾಗ ಪುಸ್ತಕ ಕೆಳಗಿಡಲಾಗಲಿಲ್ಲ.

ಆ ಕೋಣೆ ಇದ್ದ ಕಟ್ಟಡದ ಕಥೆ ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ರೇಡಾರ್ ಸಂಶೋಧನೆಗೆಂದು ಎಂ.ಐ.ಟಿ.ಯಲ್ಲಿ ಅವಸರವಾಗಿ ಒಂದು ಮರದ ಕಟ್ಟಡ ಎಬ್ಬಿಸಿದರು. ಯುದ್ಧ ಮುಗಿದ ಆರು ತಿಂಗಳಿಗೆ ಕೆಡವುತ್ತೇವೆಂಬ ಮಾತಿನ ಮೇಲೆ ಕಟ್ಟಿದ ಅದು 1998ರವರೆಗೆ ನಿಂತಿತ್ತು. ಅದಕ್ಕೊಂದು ಹೆಸರೂ ಇರಲಿಲ್ಲ, 'ಇಪ್ಪತ್ತನೇ ನಂಬರಿನ ಕಟ್ಟಡ' ಅಷ್ಟೆ. ಬೇಸಿಗೆಯಲ್ಲಿ ಬೇಗೆ, ಚಳಿಗಾಲದಲ್ಲಿ ಕೊರೆತ, ನಡೆದರೆ ನೆಲ ಕಿರುಗುಟ್ಟುವುದು. ಆದರೆ ಗೋಡೆಗೆ ಮೊಳೆ ಹೊಡೆಯಲು, ಬೇಕಾದರೆ ಗೋಡೆಯನ್ನೇ ತೆಗೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೇರೆಡೆ ಜಾಗ ಸಿಗದವರನ್ನೆಲ್ಲ ಅಲ್ಲಿಗೆ ಕಳಿಸುತ್ತಿದ್ದರು. ಭಾಷಾಶಾಸ್ತ್ರದ ನೋಮ್ ಚಾಮ್ಸ್ಕಿಯವರ ಕೋಣೆಯೂ ಅಲ್ಲೇ ಇತ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಹೊಸ ಕಟ್ಟಡಕ್ಕಿಂತ ಹಳೆಯ ಹೆಂಚಿನ ಕೊಠಡಿಯಲ್ಲಿ ಪಾಠ ಚೆನ್ನಾಗಿ ನಡೆಯುವುದನ್ನು ನೋಡಿದ ನನಗೆ ಇದು ಆಶ್ಚರ್ಯವೆನ್ನಿಸಲಿಲ್ಲ.

'ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್' ಶುರುವಾದದ್ದು 1946ರಲ್ಲಿ. ಈ ಕಟ್ಟಡದ 20ಇ-214 ಎಂಬ ಕೋಣೆ ಅದರ ಮನೆಯಾಯಿತು. ಸೇರಲು ಶುಲ್ಕಕ್ಕಿಂತ ದೊಡ್ಡ ಷರತ್ತು ಒಂದಿತ್ತು. ಸದಸ್ಯನಾಗಬೇಕೆಂದವನು ಒಟ್ಟು ನಲವತ್ತು ಗಂಟೆ ಅಲ್ಲಿ ಕೆಲಸ ಮಾಡಬೇಕು. ಮೊಳೆ ಹೊಡೆಯಲಿ, ಬಣ್ಣ ಬಳಿಯಲಿ, ತಂತಿ ಬೆಸೆಯಲಿ, ನಲವತ್ತು ಗಂಟೆ ತುಂಬಿದರೆ ಕೋಣೆಯ ಬೀಗದ ಕೈ ಅವನ ಕೈಗೆ. ಅಲ್ಲಿಂದ ಮುಂದೆ ಹಗಲು ರಾತ್ರಿ ಯಾವಾಗ ಬೇಕಾದರೂ ಬರಬಹುದು, ಹೋಗಬಹುದು, ಯಾರನ್ನೂ ಕೇಳಬೇಕಿಲ್ಲ. ಹದಿನೆಂಟು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದು ಹೇಳಿ?

ಒಳಗೆ ಎರಡು ಪಂಗಡ. ಒಂದು ಪಂಗಡದವರಿಗೆ ರೈಲೆಂದರೆ ಪ್ರಾಣ. ಹಳೆಯ ಉಗಿಬಂಡಿಗಳ ಪುಸ್ತಕ ಓದುವುದು, ಡಬ್ಬಿಗಳಿಗೆ ಅಸಲಿನಂತೆಯೇ ಬಣ್ಣ ಹಚ್ಚುವುದು, ಗುಡ್ಡಕ್ಕೆ ಮರ ನೆಡುವುದು ಅವರ ಕೆಲಸ. ಇನ್ನೊಂದು ಪಂಗಡಕ್ಕೆ 'ಸಿಗ್ನಲ್ ಮತ್ತು ಪವರ್ ಉಪಸಮಿತಿ' ಎಂಬ ಗಂಭೀರ ಹೆಸರು. ಇವರಿಗೆ ಹಲಗೆಯ ಮೇಲಿನ ಚೆಂದ ಬೇಕಿರಲಿಲ್ಲ, ಹಲಗೆಯ ಕೆಳಗಿನ ತಂತಿಗಳು ಬೇಕಿದ್ದವು. ಯಾವ ರೈಲು ಎಲ್ಲಿದೆ, ಯಾರ ಕೈಯಲ್ಲಿದೆ, ಎರಡು ಗಾಡಿ ಎದುರುಬದುರಾಗದಂತೆ ಹಳಿ ಹೇಗೆ ಬದಲಿಸಬೇಕು ಎಂಬುದನ್ನೆಲ್ಲ ವಿದ್ಯುತ್ತಿನಿಂದಲೇ ನಡೆಸುವ ಒಂದು ಜಾಲವನ್ನು ಅವರು ವರ್ಷಗಟ್ಟಲೆ ಹೆಣೆದರು. ಅದನ್ನು ಅವರು ಬರಿದೇ 'ಸಿಸ್ಟಮ್' ಎನ್ನುತ್ತಿದ್ದರು. ನೋಡಲು ಬಂದವರು ಮೇಲಿನ ಪುಟ್ಟ ಊರನ್ನು ಕಂಡು ಬೆರಗಾಗುತ್ತಿದ್ದರೆ ಇವರು ಹೊಟ್ಟೆ ನೆಲಕ್ಕೆ ಹಚ್ಚಿ ಹಲಗೆಯಡಿ ತೆವಳುತ್ತಿದ್ದರು.

ಆ ಜಾಲಕ್ಕೆ ಸಾಮಾನು ಬಂದದ್ದು ಟೆಲಿಫೋನಿನವರಿಂದ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಕಾಲೇಜುಗಳಿಗೆ ಹಳೆಯ ಉಪಕರಣಗಳನ್ನು ದಾನ ಕೊಡುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳು, ಸ್ವಿಚ್ಚುಗಳು, ಡಯಲುಗಳು ಗಾಡಿಗಟ್ಟಲೆ ಬಂದು ಬಿದ್ದವು. ನನ್ನ ವಯಸ್ಸಿನವರಿಗೆ ಡಯಲ್ ತಿರುಗಿಸುವ ಕಪ್ಪು ಫೋನು ನೆನಪಿರಬಹುದು. ಬೆರಳು ತೂರಿಸಿ ತಿರುಗಿಸಿದರೆ ಕಟಕಟನೆ ಹಿಂದಕ್ಕೆ ಬರುತ್ತಿತ್ತಲ್ಲ, ಅಂಥದ್ದೇ ಡಯಲ್ ತಿರುಗಿಸಿ ಈ ಹುಡುಗರು ತಮ್ಮ ರೈಲನ್ನು 'ಕರೆಯುತ್ತಿದ್ದರು'. ನಾಲ್ಕಾರು ಜನ ಒಟ್ಟಿಗೆ ನಾಲ್ಕಾರು ರೈಲು ಓಡಿಸಬಹುದಿತ್ತು. ಗಾಡಿಗಳು ಢಿಕ್ಕಿ ಹೊಡೆಯುವ ಪ್ರಸಂಗ ಬಂದರೆ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಲು ಕೋಣೆಯಲ್ಲಿ ಅಲ್ಲಲ್ಲಿ ಸ್ವಿಚ್ಚುಗಳಿದ್ದವು. ಯಾರಾದರೂ ಒತ್ತಿದರೆ ರೈಲುಗಳು ನಿಂತು, ಗೋಡೆಯ ಗಡಿಯಾರದಲ್ಲಿ ಹೊತ್ತಿನ ಬದಲು 'ಫೂ' ಎಂಬ ಅಕ್ಷರಗಳು ಮೂಡುತ್ತಿದ್ದವು. ಖರ್ಚಿಗೆ ದುಡ್ಡು ಬೇಕಲ್ಲ, ಕೋಣೆಯಲ್ಲೊಂದು ಕೋಕಾ ಕೋಲಾ ಯಂತ್ರವಿಟ್ಟು ಅದರ ಲಾಭವನ್ನು ಕ್ಲಬ್ಬಿಗೆ ಹಾಕುತ್ತಿದ್ದರು.

ಜನ ಬಹಳ ಹೊತ್ತು ಒಂದೇ ಕೋಣೆಯಲ್ಲಿದ್ದರೆ ಅವರದ್ದೇ ಒಂದು ಭಾಷೆ ಹುಟ್ಟುತ್ತದೆ. ಕೂಡು ಕುಟುಂಬದ ಹೆಣ್ಣುಮಕ್ಕಳಿಗೆ ಇದು ಗೊತ್ತು. ಹೊರಗಿನವರೆದುರು ಆಡಲು ಅವರಿಗೆ ನಾಲ್ಕು ಗುಟ್ಟಿನ ಮಾತುಗಳಿರುತ್ತವೆ. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ ಕ್ಲಬ್ಬಿನ ಮಾತುಗಳದ್ದೇ ಒಂದು ನಿಘಂಟು ಮಾಡಿದ. ಕೆಟ್ಟು ಕೂತ ಯಂತ್ರ 'ಸೋಲುತ್ತಿದೆ' ಎಂಬುದು ಅವರ ಮಾತು. 'ಹ್ಯಾಕ್' ಎಂದರೆ ಇಂಥ ಪ್ರಯೋಜನಕ್ಕೆಂದಲ್ಲದೆ ಮಾಡುವ ಖುಷಿಗೇ ಮಾಡಿದ ಕೆಲಸ. ಅಂಥದ್ದನ್ನು ಮಾಡುವವನು 'ಹ್ಯಾಕರ್'. ಹಲಗೆಯಡಿ ತೆವಳಿ ಒಂದು ರಿಲೇಯಲ್ಲಿ ಮುಗಿಯುವ ಕೆಲಸವನ್ನು ಹಾಗೇ ಮುಗಿಸಿದವನಿಗೆ ಸಿಗುತ್ತಿದ್ದ ಮೆಚ್ಚುಗೆಯ ಮಾತು ಅದು. ಕದಿಯುವವನೆಂಬ ಅರ್ಥ ಬಂದದ್ದು ಎಷ್ಟೋ ವರ್ಷದ ಮೇಲೆ.

ಅದೇ 1959ರ ವಸಂತದಲ್ಲಿ ಜಾನ್ ಮೆಕಾರ್ತಿ ಎಂಬ ಅಧ್ಯಾಪಕರು ಮೊದಲ ವರ್ಷದವರೂ ಸೇರಬಹುದಾದ ಕಂಪ್ಯೂಟರ್ ಪಾಠ ಶುರು ಮಾಡಿದರು. ರೈಲಿನ ಹುಡುಗರು ಹೋಗಿ ಕೂತರು. ಆಗ ಅಲ್ಲಿದ್ದ ದೊಡ್ಡ ಯಂತ್ರ ಐ.ಬಿ.ಎಂ. 704. ಅದರ ಬಳಿ ಯಾರನ್ನೂ ಬಿಡುತ್ತಿರಲಿಲ್ಲ. ರಂಧ್ರ ಕೊರೆದ ಕಾರ್ಡುಗಳನ್ನು ಕಿಟಕಿಯಲ್ಲಿ ಕೊಟ್ಟು ಬಂದರೆ ಒಳಗಿನವರು ಯಂತ್ರಕ್ಕೆ ಉಣಿಸಿ ಉತ್ತರ ತಂದುಕೊಡುತ್ತಿದ್ದರು. ಗರ್ಭಗುಡಿಯ ಹೊರಗೆ ನಿಂತು ತೀರ್ಥಕ್ಕೆ ಕೈಯೊಡ್ಡಿದ ಹಾಗೆ. ಇನ್ನೊಂದು ಯಂತ್ರ, ಟಿಎಕ್ಸ್-0, 1958ರಲ್ಲಿ ಎಂ.ಐ.ಟಿ.ಗೆ ಬಂದಿತ್ತು. ಅದಕ್ಕೆ ಮಡಿ ಮೈಲಿಗೆ ಇರಲಿಲ್ಲ. ಮುಂದೆ ಕೂತು ನೀವೇ ಕೀಲಿ ಒತ್ತಬಹುದು, ಉತ್ತರ ಅಲ್ಲೇ ಬರುತ್ತಿತ್ತು. ಕ್ಲಬ್ಬಿನ ಹಳೆಯ ಸದಸ್ಯ ಜ್ಯಾಕ್ ಡೆನಿಸ್ ಅಲ್ಲಿ ಕೆಲಸ ಮಾಡುತ್ತಿದ್ದುದರಿಂದ ಹುಡುಗರಿಗೆ ಒಳಗೆ ಹೋಗಲು ದಾರಿಯಾಯಿತು. ಹಗಲೆಲ್ಲ ಸಂಶೋಧಕರ ಸರದಿ. ರಾತ್ರಿ ಖಾಲಿ. ಹುಡುಗರು ರಾತ್ರಿಯನ್ನು ಹಿಡಿದರು. ಬೆಳಗಿನ ಜಾವ ಮೂರಕ್ಕೆ ಕಾಯ್ದಿಟ್ಟವನು ಬರದಿದ್ದರೆ ಆ ಒಂದು ಗಂಟೆ ತಮಗೆ ಸಿಗಲೆಂದು ಕಾದು ಕೂರುತ್ತಿದ್ದರಂತೆ. ಸ್ಯಾಮ್ಸನ್ ಆ ಯಂತ್ರದಿಂದ ಬಾಕ್‌ನ ಸಂಗೀತ ನುಡಿಸಿದ.

1961ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತನ್ನ ಪಿಡಿಪಿ-1 ಎಂಬ ಯಂತ್ರವನ್ನು ದಾನ ಕೊಟ್ಟಿತು. ಅದಕ್ಕೊಂದು ದುಂಡನೆಯ ಪರದೆಯಿತ್ತು. ಕ್ಲಬ್ಬಿನ ಸ್ಟೀವ್ ರಸೆಲ್‌ನಿಗೆ ಆ ಪರದೆಯ ಮೇಲೆ ಎರಡು ಬಾಹ್ಯಾಕಾಶ ನೌಕೆಗಳು ಕಾದಾಡುವ ಆಟ ಮಾಡಬೇಕೆಂಬ ಆಸೆ. ಆಸೆಯಷ್ಟೇ, ಕೆಲಸ ಮಾತ್ರ ಮುಂದೆ ಹೋಗಲೊಲ್ಲದು. ಲೆಕ್ಕದ ಒಂದು ಭಾಗ ತನ್ನ ಬಳಿ ಇಲ್ಲವೆಂದು ನೆಪ ಹೇಳಿದ. ಅಲನ್ ಕೋಟಕ್ ಎಂಬ ಗೆಳೆಯ ಕಂಪನಿಗೇ ಹೋಗಿ ಆ ಭಾಗವನ್ನು ತಂದು ಅವನ ಮುಂದಿಟ್ಟ, ಇನ್ನೇನು ನೆಪ ಹೇಳುತ್ತೀ ಎಂದು. ಹೀಗೆ 1962ರ ಫೆಬ್ರವರಿ ಹೊತ್ತಿಗೆ 'ಸ್ಪೇಸ್‌ವಾರ್' ಹುಟ್ಟಿತು. ಆಡುವವರು ಯಂತ್ರದ ಮುಂದಿನ ಸಣ್ಣ ಸ್ವಿಚ್ಚುಗಳನ್ನೇ ಒತ್ತಬೇಕಿತ್ತು, ಮೊಳಕೈ ನೋಯುತ್ತಿತ್ತು. ಕೋಟಕ್ ಮತ್ತು ಬಾಬ್ ಸಾಂಡರ್ಸ್ ರೈಲಿನ ಕೋಣೆಗೆ ಓಡಿ, ಅಲ್ಲಿ ಬಿದ್ದಿದ್ದ ಮರದ ಚೂರು, ಸ್ವಿಚ್ಚು, ತಂತಿಗಳಿಂದ ಕೈಯಲ್ಲಿ ಹಿಡಿದು ಆಡುವ ಎರಡು ಪೆಟ್ಟಿಗೆ ಮಾಡಿಕೊಂಡು ಬಂದರು. ಇವತ್ತು ನಮ್ಮ ಮನೆ ಮಕ್ಕಳ ಕೈಯಲ್ಲಿ ಬಿಡಿಸಲಾಗದಂತೆ ಅಂಟಿಕೊಂಡಿರುವ ಆಟದ ಸಾಧನಗಳ ಮುತ್ತಜ್ಜ ಅದು. ಸ್ಯಾಮ್ಸನ್ ಹಿನ್ನೆಲೆಗೆ ನಿಜವಾದ ಆಕಾಶದ ನಕ್ಷತ್ರಗಳನ್ನೇ ಕೂರಿಸಿದ. ಆ ವರ್ಷದ ಮೇ ತಿಂಗಳಲ್ಲಿ ಎಂ.ಐ.ಟಿ. ಸಾರ್ವಜನಿಕರಿಗೆ ಬಾಗಿಲು ತೆರೆದ ದಿನ ಅದನ್ನು ಪ್ರದರ್ಶನಕ್ಕಿಟ್ಟರು. ಜನ ಮುಗಿಬಿದ್ದರು. ಲೆಕ್ಕ ಮಾಡುವ ಯಂತ್ರದಲ್ಲಿ ಆಟ ಆಡಬಹುದೆಂದು ಊರಿನವರು ಕಂಡದ್ದು ಆಗ.

ಇಪ್ಪತ್ತನೇ ನಂಬರಿನ ಕಟ್ಟಡವನ್ನು ಕೆಡವುವುದು ನಿಶ್ಚಯವಾದಾಗ, 1997ರಲ್ಲಿ, ಕ್ಲಬ್ಬು ಬೇರೆ ಕಟ್ಟಡಕ್ಕೆ ಹೋಯಿತು. ಅರ್ಧ ಶತಮಾನ ಹೆಣೆದ ಜಾಲವನ್ನು ಬಿಚ್ಚಬೇಕಾಯಿತು. ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿದ ಹಾಗಲ್ಲ ಅದು. ಬಿಚ್ಚಿದ ತಂತಿಯನ್ನು ಹಾಗೇ ಮತ್ತೆ ಕೂಡಿಸಲಾಗುವುದಿಲ್ಲ. ಹೊಸದಾಗಿ ಕಟ್ಟಿದರು. ನನ್ನ ವಿದ್ಯಾರ್ಥಿನಿ ನೋಡಿದ್ದು ಈ ಹೊಸದನ್ನು. ಅದರಲ್ಲಿ ಸಂಸ್ಥೆಯ ಎತ್ತರದ ಕಟ್ಟಡವೊಂದರ ಪುಟ್ಟ ಮಾದರಿಯಿದೆ, ಅದರ ಕಿಟಕಿಗಳ ದೀಪ ಹೊತ್ತಿಸಿ ಆರಿಸಿ ಟೆಟ್ರಿಸ್ ಆಟ ಆಡಬಹುದು. ಅವಳ ಮಗಳು ರೈಲು ಬಿಟ್ಟು ಅದರ ಮುಂದೆಯೇ ನಿಂತುಬಿಟ್ಟಳಂತೆ.

ಪುಸ್ತಕ ಮುಗಿಸಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಸ್ಯಾಮ್ಸನ್, ಕೋಟಕ್, ಸಾಂಡರ್ಸ್, ರಸೆಲ್, ಡೆನಿಸ್. ಹುಡುಗಿಯ ಹೆಸರೊಂದೂ ಇಲ್ಲವಲ್ಲ? ಲೆವಿಯವರೇ ಈ ಕೊರತೆಯನ್ನು ಗುರುತಿಸಿದ್ದಾರೆ. ಎಂ.ಐ.ಟಿ.ಯಲ್ಲಿ ಮೊದಲ ಮಹಿಳೆ, ಎಲೆನ್ ಸ್ವಾಲೋ, ಪದವಿ ಪಡೆದದ್ದು 1873ರಲ್ಲೇ. ಆದರೆ ಸಂಸ್ಥೆಯ ಅಂಗಳದೊಳಗೆ ಹುಡುಗಿಯರಿಗೆಂದು ಹಾಸ್ಟೆಲ್ ಬಂದದ್ದು 1963ರಲ್ಲಿ, ತೊಂಬತ್ತು ವರ್ಷ ಕಳೆದ ಮೇಲೆ. ಬೆಳಗಿನ ಜಾವ ಮೂರು ಗಂಟೆಗೆ ಯಂತ್ರ ಖಾಲಿಯಾಗುತ್ತದೆಂದರೆ ಹುಡುಗ ಎದ್ದು ಹೋಗುತ್ತಾನೆ. ಹುಡುಗಿ ಎಲ್ಲಿಂದ ಹೋಗಬೇಕು, ಹೇಗೆ ಹೋಗಬೇಕು? ಬಾಗಿಲಿಗೆ 'ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ' ಎಂದು ಯಾರೂ ಬರೆದು ಹಾಕಬೇಕಿರಲಿಲ್ಲ. ನಲವತ್ತು ಗಂಟೆ ಬಿಡುವು, ಅದೂ ಪ್ರಯೋಜನವಿಲ್ಲದ ಕೆಲಸಕ್ಕೆ, ಅದೂ ರಾತ್ರಿ. ಆ ಲೆಕ್ಕದಲ್ಲೇ ಎಲ್ಲ ಮುಗಿಯಿತು.

ಇದನ್ನು ದೂರದ ಕಥೆಯೆಂದು ಓದಲು ನನಗಾಗಲಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಮಾದರಿಗಳು ಹುಡುಗರಿಗೆ, ಬಾಗಿಲ ರಂಗೋಲಿ ಮತ್ತು ಸ್ವಾಗತಗೀತೆ ಹುಡುಗಿಯರಿಗೆ ಎಂಬುದು ತಾನಾಗಿ ನಡೆದುಹೋಗುತ್ತಿತ್ತು. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಥರ್ಮೋಕೋಲಿನ ಅಣೆಕಟ್ಟು ಮಾಡಿ, ಟಾರ್ಚಿನ ಸೆಲ್ಲು, ಸಣ್ಣ ಬಲ್ಬು ಜೋಡಿಸಿ ಕೆಳಗಿನ ಊರಿಗೆ ದೀಪ ಹೊತ್ತಿಸಿದಳು. ತಂತಿಯ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಬಿಡಿಸಿದ್ದಳು. ಮುಖ್ಯ ಅತಿಥಿಗಳು ಬರುವ ಹೊತ್ತಿಗೆ ಮುಖ್ಯೋಪಾಧ್ಯಾಯರು ಪಕ್ಕದ ಹುಡುಗನನ್ನು ಕರೆದು, 'ನೀನು ವಿವರಿಸಪ್ಪ, ಅವಳು ಹೂಗುಚ್ಛ ಕೊಡಲಿ' ಎಂದರು. ಆ ಹುಡುಗ, ಪಾಪ, ಸ್ವಿಚ್ಚು ಎಲ್ಲಿದೆಯೆಂದು ತಿಳಿಯದೆ ಅವಳ ಮುಖ ನೋಡಿದ. ಅವಳು ಹೂಗುಚ್ಛ ಹಿಡಿದುಕೊಂಡೇ ಕಾಲಿನಿಂದ ಮೇಜಿನಡಿಯ ತಂತಿ ಒತ್ತಿ ದೀಪ ಹೊತ್ತಿಸಿದಳು. ಅತಿಥಿಗಳು ಹುಡುಗನ ಬೆನ್ನು ತಟ್ಟಿದರು. ನಾನು ಸಿಬ್ಬಂದಿ ಸಭೆಯಲ್ಲಿ ಈ ಮಾತು ಎತ್ತಿದಾಗ, 'ಇಷ್ಟಕ್ಕೆಲ್ಲ ಯಾಕೆ ಬೇಜಾರು ಮೇಡಂ' ಎಂದರು.

ಅಂಗಡಿಯವರಿಗೆ ಮಾತ್ರ ಹುಡುಗಿಯರ ನೆನಪು ಒಮ್ಮೆ ಬಂದಿತ್ತು. ಅಮೆರಿಕದ ಆಟದ ರೈಲಿನ ಹೆಸರಾಂತ ಕಂಪನಿ ಲಯೊನೆಲ್ 1957ರಲ್ಲಿ ಹುಡುಗಿಯರಿಗೆಂದೇ ಒಂದು ರೈಲು ತಂದಿತು. ಎಂಜಿನ್ನು ಗುಲಾಬಿ ಬಣ್ಣ. ಡಬ್ಬಿಗಳು ತಿಳಿನೀಲಿ, ನಸುನೇರಳೆ, ಬೆಣ್ಣೆಹಳದಿ. ಯಾರೂ ಕೊಳ್ಳಲಿಲ್ಲ. ರೈಲು ಬೇಕೆಂದ ಹುಡುಗಿಗೆ ರೈಲಿನಂಥ ರೈಲೇ ಬೇಕಿತ್ತು, ಕರೀ ಎಂಜಿನ್ನಿನದ್ದು. ಹೆಣ್ಣೆಂದರೆ ಗುಲಾಬಿ ಬಳಿದರೆ ಸಾಕೆಂದುಕೊಂಡ ಆ ಬುದ್ಧಿವಂತರು ಒಬ್ಬ ಹುಡುಗಿಯನ್ನಾದರೂ ಕೇಳಿದ್ದರೋ ಇಲ್ಲವೋ! ಮಾರಾಟವಾಗದೆ ಉಳಿದ ಆ ರೈಲನ್ನು ಈಗ ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಆದರೆ ಆ ಯಂತ್ರಗಳ ಬಳಿ ಹೆಂಗಸರು ಇರಲೇ ಇಲ್ಲವೆಂದರೆ ತಪ್ಪು. ಇದ್ದರು, ಕೆಲಸಕ್ಕೆ. ಆಟಕ್ಕಲ್ಲ. ಮಾರ್ಗರೆಟ್ ಹ್ಯಾಮಿಲ್ಟನ್ ಎಂಬಾಕೆ 1958ರಲ್ಲಿ ಗಣಿತದಲ್ಲಿ ಪದವಿ ಪಡೆದು, ಸ್ವಲ್ಪ ಕಾಲ ಹೈಸ್ಕೂಲಿನಲ್ಲಿ ಗಣಿತ ಮತ್ತು ಫ್ರೆಂಚ್ ಪಾಠ ಹೇಳಿದವರು. ನಮ್ಮ ವೃತ್ತಿಯವರೇ ಅನ್ನಿ. ಗಂಡ ಹಾರ್ವರ್ಡಿನಲ್ಲಿ ಕಾನೂನು ಓದುವಾಗ ಮನೆ ನಡೆಯಬೇಕಲ್ಲ, ಅವರು ತಮ್ಮ ಮುಂದಿನ ಓದನ್ನು ಬದಿಗಿಟ್ಟು 1959ರಲ್ಲಿ ಎಂ.ಐ.ಟಿ.ಯಲ್ಲಿ ಕೆಲಸಕ್ಕೆ ಸೇರಿದರು. ಎಡ್ವರ್ಡ್ ಲೊರೆನ್ಜ್ ಎಂಬ ಹವಾಮಾನ ವಿಜ್ಞಾನಿಗಾಗಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಅವರ ಕೆಲಸ. ಅದೇ ವರ್ಷ ಮಗಳು ಲಾರೆನ್ ಹುಟ್ಟಿದಳು.

ಲೆವಿಯವರ ಪುಸ್ತಕದಲ್ಲಿ ಈಕೆ ಒಂದೇ ಒಂದು ಕಡೆ ಬಂದುಹೋಗುತ್ತಾರೆ. ರಾತ್ರಿಯ ಹುಡುಗರು ಪಿಡಿಪಿ-1 ಯಂತ್ರದ ಹೊಟ್ಟೆ ಬಿಚ್ಚಿ, ಯಾರಿಗೂ ಹೇಳದೆ, ತಂತಿಗಳನ್ನು ತಮಗೆ ಬೇಕಾದಂತೆ ಬದಲಿಸಿದರು. ಹೊಸ ಚಮತ್ಕಾರವೊಂದು ಬೇಕಿತ್ತು ಅವರಿಗೆ. ಮಾರ್ಗರೆಟ್ ತಮ್ಮ ಹವಾಮಾನದ ಪ್ರೋಗ್ರಾಮ್ ಹಾಕಿ ನೋಡಿದರೆ ಅದು ನಡೆಯಲೊಲ್ಲದು. ತಪ್ಪು ತಮ್ಮದೇ ಇರಬೇಕೆಂದು ಹುಡುಕಿ ಹುಡುಕಿ ದಣಿದರು. ಕಡೆಗೆ ಗೊತ್ತಾಯಿತು, ಬದಲಾದದ್ದು ಪ್ರೋಗ್ರಾಮ್ ಅಲ್ಲ, ಯಂತ್ರ. ಅವರು ದೂರು ಕೊಟ್ಟ ಮೇಲೆ ಅದನ್ನು ಸರಿಪಡಿಸಬೇಕಾಯಿತು. ಪುಸ್ತಕದಲ್ಲಿ ಈ ಪ್ರಸಂಗ ನಗೆಯ ಧಾಟಿಯಲ್ಲೇ ಇದೆ. ನಾನು ನಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಯಾರೋ ತಮ್ಮ ಖುಷಿಗೆ ಒಲೆಯ ಬರ್ನರ್ ಬಿಚ್ಚಿಟ್ಟಿದ್ದರು ಎಂದರೆ ಹೇಗಿರುತ್ತದೆ? ಆ ಹುಡುಗರ ಜಾಣತನವನ್ನು ನಾನು ಇಷ್ಟೊತ್ತು ಬಾಯ್ತುಂಬ ಹೊಗಳಿದ್ದೇನೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಬ್ಬರ ಆಟಕ್ಕೆ ಇನ್ನೊಬ್ಬರ ಕೆಲಸದ ಹೊತ್ತು ಖರ್ಚಾಯಿತೆಂಬುದನ್ನೂ ಬರೆದಿಡಬೇಕು.

ಮುಂದೆ ಮಾರ್ಗರೆಟ್ ಚಂದ್ರಯಾನದ ಅಪೊಲೊ ಯೋಜನೆಗೆ ಸೇರಿ, ನೌಕೆಯೊಳಗಿನ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ತಂಡದ ಮುಖ್ಯಸ್ಥೆಯಾದರು. ಸಂಜೆ, ಶನಿವಾರ, ಭಾನುವಾರ ಕೂಡ ಕೆಲಸ. ಮಗಳನ್ನು ಬಿಟ್ಟು ಹೇಗೆ ಬರುತ್ತೀರಿ ಎಂದು ಜನ ಕೇಳುತ್ತಿದ್ದರಂತೆ. ಗಂಡಸರಿಗೆ ಯಾರೂ ಕೇಳದ ಪ್ರಶ್ನೆ, ಅಲ್ಲಿಯೂ ಇಲ್ಲಿಯೂ ಒಂದೇ. ಅವರು ಮಗಳನ್ನು ಬಿಟ್ಟು ಬರಲಿಲ್ಲ, ಪ್ರಯೋಗಾಲಯಕ್ಕೇ ಕರೆದುಕೊಂಡು ಬಂದರು. ಅಮ್ಮ ಕೆಲಸ ಮಾಡುವಾಗ ಲಾರೆನ್ ಅಲ್ಲೇ ನೆಲದ ಮೇಲೆ ಮಲಗುತ್ತಿದ್ದಳು, ಎದ್ದರೆ ಆಡುತ್ತಿದ್ದಳು. ಅವಳಿಗೆ ನಲವತ್ತು ಗಂಟೆಯ ಲೆಕ್ಕ ಕೇಳುವವರಿರಲಿಲ್ಲ. ಗಗನಯಾತ್ರಿಗಳ ಅಭ್ಯಾಸಕ್ಕೆಂದು ಇಟ್ಟಿದ್ದ ಯಂತ್ರದ ಮುಂದೆ ಕೂತು, ತಾನೇ ಗಗನಯಾತ್ರಿ ಎಂದುಕೊಂಡು ಒಂದು ದಿನ ಕೀಲಿಗಳನ್ನು ಒತ್ತಿದಳು. ಎಲ್ಲ ನಿಂತುಹೋಯಿತು. ನೌಕೆ ದಾರಿಯ ನಡುವೆ ಇದೆ ಎಂಬ ಅಭ್ಯಾಸ ನಡೆಯುತ್ತಿರುವಾಗ, ನೆಲದಿಂದ ಹಾರುವ ಮುನ್ನ ಬಳಸುವ ಪಿ-01 ಎಂಬ ಪ್ರೋಗ್ರಾಮನ್ನು ಅವಳು ಕರೆದಿದ್ದಳು.

ಮಾರ್ಗರೆಟ್ ಇದನ್ನು ಮಗುವಿನ ತುಂಟಾಟವೆಂದು ತಳ್ಳಿಹಾಕಲಿಲ್ಲ. ಮಗು ಒತ್ತಿದ್ದನ್ನು ಗಗನಯಾತ್ರಿಯೂ ಒತ್ತಬಹುದಲ್ಲ? ಅಂಥ ಗುಂಡಿ ಒತ್ತಿದರೆ ಯಂತ್ರ ಒಪ್ಪದಂತೆ ಒಂದು ತಡೆ ಹಾಕೋಣವೆಂದು ಕೇಳಿದರು. ಮೇಲಿನವರು ಬೇಡವೆಂದರು. ಗಗನಯಾತ್ರಿಗಳಿಗೆ ಅಷ್ಟು ತರಬೇತಿ ಕೊಟ್ಟಿದೆ, ಅವರು ತಪ್ಪು ಮಾಡುವವರಲ್ಲ ಎಂಬುದು ಅವರ ಉತ್ತರ.

1968ರ ಡಿಸೆಂಬರಿನಲ್ಲಿ ಅಪೊಲೊ 8 ಚಂದ್ರನನ್ನು ಸುತ್ತಿ ಹಿಂದಿರುಗುತ್ತಿತ್ತು. ದಾರಿಯಲ್ಲಿ ಗಗನಯಾತ್ರಿ ಜಿಮ್ ಲೊವೆಲ್ ಒಂದು ನಕ್ಷತ್ರದ ಸಂಖ್ಯೆ ಒತ್ತಲು ಹೋಗಿ ಪಿ-01 ಒತ್ತಿಬಿಟ್ಟರು. ನೌಕೆ ಇನ್ನೂ ಭೂಮಿಯ ಮೇಲೇ ನಿಂತಿದೆ ಎಂದು ಕಂಪ್ಯೂಟರ್ ತಿಳಿಯಿತು, ದಿಕ್ಕಿನ ಲೆಕ್ಕ ಅಳಿಸಿಹೋಯಿತು. ಕೆಳಗೆ ಮಾರ್ಗರೆಟ್ ಮತ್ತು ಜೊತೆಯವರು ದಪ್ಪನೆಯ ಪ್ರೋಗ್ರಾಮ್ ಕಾಗದದ ಕಟ್ಟು ಬಿಚ್ಚಿಕೊಂಡು ಗಂಟೆಗಟ್ಟಲೆ ಕೂತು, ಲೆಕ್ಕವನ್ನು ಮತ್ತೆ ಮೇಲಕ್ಕೆ ಕಳಿಸುವ ದಾರಿ ಹುಡುಕಿದರು. ಮೂವರೂ ಕ್ಷೇಮವಾಗಿ ಇಳಿದರು. ಆಮೇಲೆ ಆ ತಡೆಯನ್ನು ಹಾಕಲು ಅವರಿಗೆ ಒಪ್ಪಿಗೆ ಸಿಕ್ಕಿತು.